ಮಂಚಿಕೇರಿಯಲ್ಲಿ ಇಳಿದವಳು

ರೋಹಿಣಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಸೀಟು ಖಾಲಿಯಿದ್ದರೂ ಕಂಬಿಗೆ ಬೆನ್ನು ಕೊಟ್ಟು ನಿಂತೇ ಇರುತ್ತಾಳೆ. ಸೋಂದಾ ಕ್ರಾಸಿನ ತಿರುವಿನಲ್ಲಿ ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲುವಾಗಲೂ ಅವಳು ಅಲ್ಲಾಡುವುದಿಲ್ಲ. ವಾರದ ರಜೆಯ ದಿನವೂ ಮನೆಯಲ್ಲಿ ನಿಲ್ಲದೆ ಯಾವುದೋ ಬಸ್ಸು ಹತ್ತಿ ಎಲ್ಲಿಗೋ ಹೋಗಿ ಬರುತ್ತಾಳೆ. ‘ಬಸ್ಸಿನ ಹುಚ್ಚು’ ಎಂದು ಡಿಪೋದಲ್ಲಿ ನಗುತ್ತಾರೆ. ಅವಳು ಹಿಂದೆ ಹೀಗಿರಲಿಲ್ಲ.

ಕಾನಸೂರಿನ ಹತ್ತಿರದ ಒಂದು ಕೇರಿ ಅವಳ ಊರು. ತಂದೆ ಬೇಗ ತೀರಿಕೊಂಡ. ತಾಯಿ ಹೊನ್ನಿ ಗದ್ದೆ ಕೆಲಸಕ್ಕೆ ಹೋದಾಗ ತಂಗಿ ವೇದಾಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ರೋಹಿಣಿಯೇ. ಪಿಯುಸಿ ಮುಗಿಸಿ, ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್ ಕೆಲಸ ಸಿಕ್ಕಾಗ ಇಡೀ ಕೇರಿ ಬಸ್ ನಿಲ್ದಾಣಕ್ಕೆ ಬಂದು ಅವಳನ್ನು ಖಾಕಿಯಲ್ಲಿ ನೋಡಿ ಹೋಗಿತ್ತು. ಶಿರಸಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಸುನೀಲನ ಜೊತೆ ಮದುವೆಯಾಯಿತು. ಸುನೀಲ ಮಾತು ಕಡಿಮೆಯ, ಕೆಲಸ ಬಲ್ಲ ಮನುಷ್ಯ. ಮಕ್ಕಳಾಗಲಿಲ್ಲ. ಅದಕ್ಕಾಗಿ ಇಬ್ಬರೂ ಜಗಳವಾಡಿದವರಲ್ಲ.

ವೇದಾಳಿಗೆ ಹೊಲಿಗೆ ಕಲಿಯುವ ಆಸೆಯಿತ್ತು. “ಶಿರಸಿಗೆ ಬಾ, ನಮ್ಮನೇಲೇ ಇದ್ಕ” ಎಂದು ಕರೆದವಳು ರೋಹಿಣಿ. ಬೆಳಗಿನ ಜಾವಕ್ಕೇ ಡ್ಯೂಟಿಗೆ ಹೊರಡುವವಳಿಗೆ ತಂಗಿ ಮನೆಯಲ್ಲಿದ್ದರೆ ಗಂಡನ ಊಟ ತಿಂಡಿಯ ಚಿಂತೆ ಇಲ್ಲ. ಸಂಜೆ ಬಂದರೆ ಬಿಸಿ ಚಾ ಸಿಗುತ್ತಿತ್ತು. ಮೂವರೂ ಕೂತು ಟಿವಿ ನೋಡುತ್ತಿದ್ದರು. ಒಂದು ವರ್ಷ ಹಾಗೆ ಹೋಯಿತು. ಆಮೇಲೆ ವೇದಾ ಅವ್ವನ ಜೊತೆ ನಾಲ್ಕು ದಿನ ಇದ್ದು ಬರುತ್ತೇನೆಂದು ಊರಿಗೆ ಹೋದಳು.

ಆಗ ಅವಳಿಗೆ ಸಿದ್ದಾಪುರದ ರೂಟು. ಒಂದು ದಿನ ಕಾನಸೂರು ದಾಟುವ ಮೊದಲೇ ಬಸ್ಸು ಕೆಟ್ಟು ನಿಂತಿತು. ಬೇರೆ ಬಸ್ಸು ಬರುವುದರೊಳಗೆ ಅವ್ವನನ್ನು ನೋಡಿ ಬರೋಣವೆಂದು ರೋಹಿಣಿ ಕೇರಿಯ ದಾರಿ ಹಿಡಿದಳು. ಮನೆಯ ಅಂಗಳದಲ್ಲಿ ಸುನೀಲನ ಬೈಕು ನಿಂತಿತ್ತು. ಹಿತ್ತಲ ಬಾಗಿಲಲ್ಲಿ ವೇದಾ ಬಗ್ಗಿ ವಾಂತಿ ಮಾಡುತ್ತಿದ್ದಳು. ಹೊನ್ನಿ ಅವಳ ಬೆನ್ನು ತಿಕ್ಕುತ್ತಿದ್ದಳು. ಸುನೀಲ ನೀರಿನ ಚೊಂಬು ಹಿಡಿದು ನಿಂತಿದ್ದ.

ರೋಹಿಣಿಯನ್ನು ಕಂಡು ಚೊಂಬು ಕೆಳಗಿಟ್ಟ.

“ಎಷ್ಟು ದಿನಾತು?” ಎಂದು ಕೇಳಿದಳು ರೋಹಿಣಿ. ಕೇಳಿದ್ದು ಅವ್ವನನ್ನು.

“ಕೂತ್ಕ ಮಗಾ. ಮೊದ್ಲು ನೀರು ಕುಡಿ,” ಎಂದಳು ಹೊನ್ನಿ.

“ನಿಂಗೆ ಗೊತ್ತಿತ್ತಾ?”

“ನಿನ್ನ ಸಂಸಾರ ಒಡೀಬಾರ್ದು ಅಂತ ಹೇಳ್ಲಿಲ್ಲ. ಹೆಂಗಾದ್ರೂ ಸರಿ ಮಾಡುವ ಅಂತಿದ್ದೆ.”

ಗಂಡ ಮೋಸ ಮಾಡಿದ, ತಂಗಿ ಮೋಸ ಮಾಡಿದಳು. ಆದರೆ ತಿಂಗಳುಗಟ್ಟಲೆ ತನ್ನ ಮುಂದೆ ಕೂತು, ತಾನು ತಂದ ಬಿಸ್ಕಿಟ್ ಪೊಟ್ಟಣ ಬಿಚ್ಚಿ ತಿನ್ನುತ್ತ, ಈ ಅವ್ವ ಎಲ್ಲವನ್ನೂ ನುಂಗಿಕೊಂಡಿದ್ದಳಲ್ಲ! ರೋಹಿಣಿ ತಿರುಗಿ ನಡೆದಳು. ಬೇರೆ ಬಸ್ಸು ಬಂದಿತ್ತು. ಪ್ರಯಾಣಿಕರನ್ನು ಹತ್ತಿಸಿಕೊಂಡು ಸಿದ್ದಾಪುರ ಮುಟ್ಟಿಸಿದಳು.

ಅವಳು ಶಿರಸಿಯ ಮರಾಠಿಕೊಪ್ಪದಲ್ಲಿ ಬಾಡಿಗೆಗೆ ಎರಡು ಕೋಣೆ ಹಿಡಿದಳು. ಶಿರಸಿಯಲ್ಲಿ ಜನರ ಬಾಯಿಗೆ ಅಂಜಿ ಸುನೀಲ ಅಂಗಡಿ ಮುಚ್ಚಿ, ವೇದಾಳನ್ನು ಕರೆದುಕೊಂಡು ಯಲ್ಲಾಪುರಕ್ಕೆ ಹೋದ. ಅಲ್ಲಿ ಅವರಿಗೊಂದು ಹೆಣ್ಣು ಮಗು ಹುಟ್ಟಿತು. ಆ ಸುದ್ದಿ ಬಂದ ವಾರವೇ ರೋಹಿಣಿ ಡಿಪೋಗೆ ಹೋಗಿ ಯಲ್ಲಾಪುರದ ರೂಟು ಕೇಳಿ ಪಡೆದಳು. ಯಾಕೆಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಯಲ್ಲಾಪುರದ ಪೇಟೆಯೊಳಗೆ ಬಸ್ಸು ನುಗ್ಗುತ್ತಿದ್ದಂತೆ ಅವಳ ಕಣ್ಣು ಎರಡೂ ಬದಿಯ ಅಂಗಡಿಗಳಲ್ಲಿ ಅವರಿಬ್ಬರನ್ನು ಹುಡುಕುತ್ತಿತ್ತು. ಕಂಡರೆ ಹೊಟ್ಟೆಯಲ್ಲಿ ಬೆಂಕಿ, ಕಾಣದಿದ್ದರೆ ಚಡಪಡಿಕೆ.

ಕೆಲವು ವರ್ಷ ಕಳೆಯುವಷ್ಟರಲ್ಲಿ ಹೊನ್ನಿಯ ಮಂಡಿಗಳು ಹಿಡಿದುಕೊಂಡವು. ಬಾವಿಯಿಂದ ನೀರು ಸೇದಲೂ ಆಗದಾಯಿತು. ರೋಹಿಣಿ ಹೋಗಿ ಅವ್ವನನ್ನು ಶಿರಸಿಗೆ ಕರೆತಂದಳು. ಎಂಥ ದೊಡ್ಡ ಮನಸ್ಸು ಎಂದು ಕೇರಿಯವರು ಹೊಗಳಿದರು. ಮನೆಯೊಳಗೆ ಕಾಲಿಡುವ ಮೊದಲೇ ಅವಳು ಅವ್ವನಿಗೆ ಹೇಳಿದ್ದಳು: “ಒಂದೇ ಮಾತು. ವೇದಾ ಈ ಹೊಸ್ಲು ದಾಟ್ಬಾರ್ದು. ನೀ ಅವ್ಳ ಹತ್ರ ಫೋನಲ್ಲೂ ಮಾತಾಡ್ಬಾರ್ದು.”

ಹೊನ್ನಿ ನೆಲ ನೋಡುತ್ತ “ಆತು” ಎಂದಳು. ತಾನು ಮಾಡಿದ್ದಕ್ಕೆ ಇದು ದಂಡವೆಂದು ಒಪ್ಪಿಕೊಂಡಂತಿತ್ತು ಆ ಮಾತು. ಆಮೇಲೆ ಒಂದು ದಿನವೂ ವೇದಾಳ ಹೆಸರೆತ್ತಲಿಲ್ಲ. ಮಗಳು ಡ್ಯೂಟಿ ಮುಗಿಸಿ ಬಂದಾಗ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದಳು. ಯಲ್ಲಾಪುರದಿಂದ ಬಂದವಳಲ್ಲವೇ, ಏನಾದರೂ ಹೇಳಬಹುದೇನೋ ಎಂದು. ರೋಹಿಣಿ ಅದನ್ನು ಕಂಡೂ ಕಾಣದವಳ ಹಾಗೆ ಕೈಕಾಲು ತೊಳೆಯಲು ಹೋಗುತ್ತಿದ್ದಳು. ಇಡೀ ದಿನದಲ್ಲಿ ಅವಳಿಗೆ ಅಷ್ಟಿಷ್ಟು ಸಮಾಧಾನ ಸಿಗುತ್ತಿದ್ದುದು ಆ ಒಂದು ಗಳಿಗೆಯಲ್ಲೇ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹೊನ್ನಿಗೆ ಲಕ್ವ ಹೊಡೆಯಿತು. ಶಿರಸಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ರೋಹಿಣಿಯ ಬಸ್ಸಿನ ಡ್ರೈವರ್ ಜಹಾಂಗೀರ್, ಶಿರಸಿಯವನೇ, ನಿವೃತ್ತಿಗೆ ಹತ್ತಿರವಾದ ಮನುಷ್ಯ. ಅವನ ಹೆಂಡತಿ ಬದ್ರುನ್ನಿಸಾ ಹಗಲು ಹೊತ್ತು ಹೊನ್ನಿಯ ಬಳಿ ಕೂತಳು. ರೋಹಿಣಿ ರಜೆ ಹಾಕಲಿಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಕೂರುವುದು ಅವಳಿಂದ ಆಗುತ್ತಿರಲಿಲ್ಲ. ಯಾಕೆಂದರೆ ಬಿದ್ದ ದಿನದಿಂದ ಹೊನ್ನಿಯ ಸೊಟ್ಟ ಬಾಯಲ್ಲಿ ಸ್ಪಷ್ಟವಾಗಿ ಬರುತ್ತಿದ್ದುದು ಒಂದೇ ಶಬ್ದ: ವೇದಾ.

ಹೇಗೋ ಈ ಸುದ್ದಿ ಯಲ್ಲಾಪುರ ಮುಟ್ಟಿತು. ಒಂದು ಮಧ್ಯಾಹ್ನ ಯಲ್ಲಾಪುರದಲ್ಲಿ ಬಸ್ಸು ಹೊರಡುವ ಹೊತ್ತಿಗೆ ವೇದಾ ಮಗಳನ್ನು ಎತ್ತಿಕೊಂಡು ಓಡಿಬಂದು ಹತ್ತಿದಳು. ಅಷ್ಟು ವರ್ಷಗಳ ಮೇಲೆ ಅಕ್ಕ ತಂಗಿ ಎದುರುಬದುರಾದದ್ದು ಅದೇ ಮೊದಲು. ವೇದಾ ಬಡಕಲಾಗಿದ್ದಳು. ಆಧಾರ್ ಕಾರ್ಡು ಮುಂದೆ ಹಿಡಿದಳು. ರೋಹಿಣಿ ಬೇರೆ ಹೆಂಗಸರಿಗೆ ಕೊಟ್ಟ ಹಾಗೆಯೇ ಉಚಿತ ಟಿಕೆಟ್ ಹರಿದು ಕೊಟ್ಟಳು.

“ಅಕ್ಕಾ, ಅವ್ವನ್ನ ಆಸ್ಪತ್ರೆಗೆ ಹಾಕಿದಾರಂತೆ, ಹೌದಾ?”

“ಯಾರು ಹೇಳಿದ್ದು ನಿಂಗೆ?”

“ಊರವರು ಹೇಳಿದ್ರು. ನಾ ನೋಡ್ಕಂಡು ಬತ್ತೆ. ನಿನ್ನ ಮನೆಗೆ ಬರೂದಿಲ್ಲೆ, ಆಸ್ಪತ್ರೇಲೇ ನೋಡ್ತೆ.”

“ಸುಳ್ಳು ಸುದ್ದಿ. ಅವ್ವ ಹಾನಗಲ್ಲಿಗೆ ಹೋಗಿದಾಳೆ, ಮಾವನ ಮನೆಗೆ. ಆರಾಮಿದಾಳೆ.”

ವೇದಾ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ತೊಡೆಯ ಮೇಲಿದ್ದ ಮಗಳನ್ನು ಎತ್ತಿ ನಿಲ್ಲಿಸಿ, “ಇವಳ ತಲೆ ಮುಟ್ಟಿ ಹೇಳು, ನಂಬ್ತೆ” ಎಂದಳು.

ಬಸ್ಸು ಓಡುತ್ತಿತ್ತು. ಮಗುವಿನ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದರು. ರೋಹಿಣಿ ಟಿಕೆಟ್ ಮಷಿನ್ ಎಡಗೈಗೆ ಬದಲಿಸಿ, ಬಲಗೈಯನ್ನು ಆ ತಲೆಯ ಮೇಲಿಟ್ಟಳು. “ಆರಾಮಿದಾಳೆ,” ಎಂದಳು.

“ನಂಗೂ ಟಿಕೆಟ್ ಕೊಡು,” ಎಂದಿತು ಮಗು.

ಮಂಚಿಕೇರಿಯಲ್ಲಿ ವೇದಾ ಇಳಿದಳು. ವಾಪಸ್ ಯಲ್ಲಾಪುರದ ಬಸ್ಸು ಹಿಡಿಯಲು ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತಳು. ಜಹಾಂಗೀರ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಗೇರು ಹಾಕದೆ ಹಿಂದೆ ತಿರುಗಿದ.

“ತಂಗೀ, ಕೂಗಿ ಕರಿ ಅವಳನ್ನ. ಇನ್ನೂ ಅಲ್ಲೇ ನಿಂತಿದಾಳೆ.”

ರೋಹಿಣಿ ಬ್ಯಾಗಿನ ಚಿಲ್ಲರೆ ಎಣಿಸತೊಡಗಿದಳು.

“ಮಗಿನ ತಲೆ ಮುಟ್ಟಿದೀಯವ್ವಾ. ನಾ ಬೇಕಾದ್ರೆ ಕಾಯ್ತೀನಿ. ಲೇಟಾದ್ರೆ ನಾ ಉತ್ತರ ಹೇಳ್ತೀನಿ.”

“ರೈಟ್,” ಎಂದಳು ರೋಹಿಣಿ. ಜಹಾಂಗೀರ್ ಕದಲಲಿಲ್ಲ. ಅವಳು ಸೀಟಿ ಊದಿದಳು. ಹಿಂದಿನ ಸೀಟಿನವರು ಗೊಣಗತೊಡಗಿದ ಮೇಲೆ ಬಸ್ಸು ಹೊರಟಿತು.

ಆ ಸಂಜೆ ರೋಹಿಣಿ ಮಂಚದ ಬಳಿ ನಿಂತಾಗ ಹೊನ್ನಿ ಕಣ್ಣು ತೆರೆದಳು. ಸರಿಯಿದ್ದ ಕೈಯಿಂದ ಮಗಳ ಖಾಕಿ ತೋಳು ಹಿಡಿದು, “ವೇದಾ, ಊಟ ಆತಾ?” ಎಂದಳು. ಮಾತು ತೊದಲುತ್ತಿತ್ತು. ಆದರೂ ಅರ್ಥವಾಗುತ್ತಿತ್ತು.

ರೋಹಿಣಿ ತೋಳು ಬಿಡಿಸಿಕೊಳ್ಳಲಿಲ್ಲ. “ಆತವ್ವಾ,” ಎಂದಳು.

“ಅಕ್ಕ... ಸಿಟ್ಟು ಬಿಟ್ಲಾ?”

ರೋಹಿಣಿ ಬಾಗಿಲ ಕಡೆ ನೋಡಿದಳು. ಬದ್ರುನ್ನಿಸಾ ಬಿಸಿನೀರು ತರಲು ಹೋಗಿದ್ದಳು, ಯಾರೂ ಇರಲಿಲ್ಲ. “ಬಿಟ್ಲು,” ಎಂದಳು. ಹೊನ್ನಿ ತೋಳು ಬಿಟ್ಟಳು. ನಾಳೆ ಮೊದಲ ಬಸ್ಸಿಗೇ ಹೋಗಿ ವೇದಾಳನ್ನು ಕರೆತರುತ್ತೇನೆ ಎಂದು ರೋಹಿಣಿ ಆಗ ಮನಸ್ಸಿನಲ್ಲಿ ಅಂದುಕೊಂಡದ್ದು ನಿಜ. ಬೆಳಗಾಗುವಷ್ಟರಲ್ಲಿ ಹೊನ್ನಿ ಹೋಗಿಬಿಟ್ಟಿದ್ದಳು. ಹೋದ ಮೇಲೆ ಯಾವ ಮುಖ ಹೊತ್ತು ಹೇಳುವುದು? ಕೇರಿಯಿಂದ ನಾಲ್ಕು ಜನರನ್ನು ಕರೆಸಿ, ಅವಸರದಲ್ಲಿ ಶಿರಸಿಯಲ್ಲೇ ದಹನ ಮುಗಿಸಿದಳು.

ಮೂರನೆಯ ದಿನ ವೇದಾ ಬಂದಳು. ಸುನೀಲ ರಸ್ತೆಯಲ್ಲೇ ಬೈಕಿನ ಬಳಿ ನಿಂತ. ವೇದಾ ಹೊಸ್ತಿಲು ದಾಟಲಿಲ್ಲ, ಅಳಲೂ ಇಲ್ಲ. “ನಂಗೆ ಎಂತ ಬೇಕಾದ್ರೂ ಮಾಡ್ಬೋದಿತ್ತು ನೀನು. ನಾ ಮಾಡಿದ್ದಕ್ಕೆ ಅದು ಕಡಿಮೆಯೇ. ಅವ್ವಂಗೆ ಎಂತಕ್ಕೆ ಮಾಡಿದೆ?” ಎಂದು ಕೇಳಿದಳು. ಉತ್ತರಕ್ಕೂ ನಿಲ್ಲದೆ ಹೋದಳು.

ಜಹಾಂಗೀರ್ ಹುಲೇಕಲ್ ಕಡೆಯ ರೂಟು ಕೇಳಿ ಹೋಗಿಬಿಟ್ಟ. ರೋಹಿಣಿಯ ಈಗಿನ ತಿರುಗಾಟ ಶುರುವಾದದ್ದು ಆಗಲೇ. ಮನೆಯಲ್ಲಿ ಅನ್ನ ಒಲೆಯ ಮೇಲಿಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದಳು. ಅನ್ನ ಹೊತ್ತಿದ ವಾಸನೆ ಬಂದಾಗ ಒಳಗೋಡುತ್ತಿದ್ದಳು. ಸ್ಟಾಪು ಕೂಗುವಾಗ ಊರಿನ ಹೆಸರೇ ಮರೆಯುತ್ತಿತ್ತು. ತೀರಿಸಿಕೊಳ್ಳಬೇಕಾದದ್ದನ್ನು ತೀರಿಸಿಕೊಂಡಾಗಿತ್ತು. ಆದರೂ ಯಾರೋ ಹಿಂದಿನಿಂದ ಕರೆದ ಹಾಗಾಗಿ ತಿರುಗಿ ನೋಡುತ್ತಿದ್ದಳು.

ಮಳೆಗಾಲಕ್ಕೆ ಮೊದಲು, ಒಂದು ರಜೆಯ ದಿನ, ಯಲ್ಲಾಪುರದಲ್ಲಿ ಇಳಿದು ನೇರ ವೇದಾಳ ಮನೆಗೆ ಹೋದಳು. ವೇದಾ ಹೊಲಿಗೆ ಮಷಿನ್ನಿನ ಮುಂದಿದ್ದಳು. ಒಳಗೆ ಕರೆಯಲಿಲ್ಲ. ರೋಹಿಣಿ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಅವ್ವ ಕರೆಯುತ್ತಿದ್ದುದು ಯಾರನ್ನು, ಕೊನೆಯ ಸಂಜೆ ಏನು ಕೇಳಿದಳು, ತಾನು ಉತ್ತರ ಕೊಟ್ಟದ್ದು ಯಾರಾಗಿ, ಎಲ್ಲ.

“ಊಟ ಆತಾ ಅಂದ್ಲಾ?” ಎಂದಳು ವೇದಾ.

“ಹೌದು.”

“ಇನ್ನೊಂದ್ ಸಲ ಹೇಳು. ಹೆಂಗೆ ಅಂದ್ಲು?”

ರೋಹಿಣಿ ಅವ್ವನ ತೊದಲಿನಲ್ಲೇ ಹೇಳಿದಳು. ವೇದಾ ಸೆರಗು ಬಾಯಿಗೆ ಒತ್ತಿಕೊಂಡು ಮಷಿನ್ನಿನ ಮೇಲೆ ತಲೆಯಿಟ್ಟಳು. ಮುಖ ಎತ್ತದೆಯೇ, “ಹೋಗು. ಇಲ್ಲಿಗೆ ಬರ್ಬೇಡ ಇನ್ನು,” ಎಂದಳು.

ಈ ವರ್ಷ ಹೊನ್ನಿಯ ವರ್ಷಾಂತದ ತಿಥಿಯನ್ನು ಕೇರಿಯ ಹಳೆಮನೆಯಲ್ಲಿ ವೇದಾಳೇ ಮಾಡಿದಳು. ರೋಹಿಣಿಗೆ ಕರೆಯಿರಲಿಲ್ಲ. ಡ್ಯೂಟಿ ಬದಲಿಸಿಕೊಂಡು, ಹೋಗುವುದೋ ಬೇಡವೋ ಎಂದು ಎರಡು ಬಸ್ಸು ಬಿಟ್ಟು, ಮೂರನೆಯದಕ್ಕೆ ಹತ್ತಿದಳು. ಅಂಗಳದಲ್ಲಿ ಜನ ಊಟಕ್ಕೆ ಕೂತಿದ್ದರು. ಅವಳನ್ನು ಕಂಡು ಆಚೆ ತುದಿಯಲ್ಲಿದ್ದ ಸುನೀಲ ತಲೆ ತಗ್ಗಿಸಿದ.

ವೇದಾ ಅನ್ನದ ಬುಟ್ಟಿ ಹಿಡಿದು ಬಂದವಳು ನಿಂತಳು. “ಕೂತ್ಕ. ಅವ್ವನ ಹೆಸರಿನ ಊಟ, ಯಾರಿಗೂ ಇಲ್ಲ ಅನ್ಬಾರ್ದು,” ಎಂದಳು.

ಬೇರೆಯವರಿಗೆ ಬಡಿಸಿದಷ್ಟೇ ಬಡಿಸಿದಳು, ಮುಖ ನೋಡಲಿಲ್ಲ. ಎರಡನೆಯ ಸಲ ಸಾರು ಬೇಕೇ ಎಂದು ಕೇಳಿದ್ದು ಪಕ್ಕದಲ್ಲಿ ಕೂತವರನ್ನು. ರೋಹಿಣಿ ಒಂದು ಅಗುಳೂ ಬಿಡದೆ ಉಂಡು, ಎಲ್ಲರಿಗಿಂತ ಮೊದಲು ಎದ್ದು, ಎಲೆ ಎಸೆದು ಕೈತೊಳೆದಳು. ಕಾನಸೂರಿನಲ್ಲಿ ಶಿರಸಿಯ ಬಸ್ಸು ಬಂದಾಗ ಸೀಟು ಬೇಕಾದಷ್ಟಿದ್ದವು. ಕಂಡಕ್ಟರ್ ಹುಡುಗಿ, “ಕೂತ್ಕಳಿ ಅಕ್ಕ, ಇವತ್ತಾದ್ರೂ” ಎಂದು ನಕ್ಕಳು.

ರೋಹಿಣಿ ಕಿಟಕಿಯ ಪಕ್ಕ ಕೂತಳು. ಎರಡು ಸ್ಟಾಪು ಕಳೆದ ಮೇಲೆ ಎದ್ದು ನಿಂತಳು.