ಡೇಟ್ ಮುಗಿದ ಗುಳಿಗೆಗಳು

ತಗಡಿನ ಡಬ್ಬಿಯೊಳಗೆ ಗುಳಿಗೆಗಳು ಕುಣಿಯುವ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ. ಹಾಸಿಗೆಯಿಂದ ಏಳಲಾರದ ನನ್ನ ಮಾವನವರು ಯಾರನ್ನಾದರೂ ಕರೆಯಬೇಕಾದರೆ ತಮ್ಮ ಔಷಧದ ಬಿಸ್ಕೀಟ್ ಡಬ್ಬಿಯನ್ನೆತ್ತಿ ಅಲ್ಲಾಡಿಸುತ್ತಿದ್ದರು. ಎಂಬತ್ತರ ದಶಕದ ನಡುವೆ, ನವಲಗುಂದ ತಾಲೂಕಿನ ತಿರ್ಲಾಪುರದಲ್ಲಿ, ಆ ಸಪ್ಪಳಕ್ಕೆ ಓಡಿಹೋಗುವುದು ಹೊಸ ಸೊಸೆಯಾದ ನನ್ನ ಡ್ಯೂಟಿ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಗಂಟೆ ಬಾರಿಸಿ ಕಲಿಸಿದ ಶಿಸ್ತು ಉಪಯೋಗಕ್ಕೆ ಬಂದದ್ದು ಅಲ್ಲಿಯೇ.

ಅವರು ತೀರಿಕೊಂಡರು. ಶಿವಗಣಾರಾಧನೆ ಮುಗಿದ ಮರುದಿನ ಅತ್ತೆ ಆ ಡಬ್ಬಿಯನ್ನು ನನ್ನ ಮುಂದೆ ಸುರುವಿದರು. ಸತ್ತವರ ಹಾಸಿಗೆ, ಕಂಬಳಿ, ಊರುಗೋಲು ಯಾವುದೂ ಒಳಗೆ ಉಳಿಯಬಾರದೆಂಬುದು ಆ ಮನೆಯ ಪದ್ಧತಿ. ಅವರ ತಲೆಯಡಿಗಿದ್ದ, ನಾನು ತವರಿನಿಂದ ಹೊಲಿದು ತಂದ ಕವರಿನ ದಿಂಬೂ ಹೊರಗೆ ಹೋಗಬೇಕಿತ್ತು. ಎಲ್ಲವೂ ನಮ್ಮ ದನದ ಮನೆಯ ಸಗಣಿ ತೆಗೆಯುವವಳ ಪಾಲು. ಔಷಧವೂ ಹಾಗೆಯೇ. ಎಸೆದರೆ ದಂಡ, ಕೊಟ್ಟರೆ ಪುಣ್ಯ. ಆದರೆ ಅತ್ತೆಗೂ ಸಕ್ಕರೆ ಕಾಯಿಲೆ ಇತ್ತು. ಮಾವನವರು ನುಂಗುತ್ತಿದ್ದ ಗುಳಿಗೆಯೇ ಅವರಿಗೂ.

“ಇಂಗ್ಲೀಷ್ ಬರತೈತಲ್ಲ, ಓದಿ ಬ್ಯಾರೆ ಮಾಡು. ಡೇಟ್ ಇದ್ದದ್ದು ನನಗ, ಡೇಟ್ ಮುಗದದ್ದು ಅಕಿಗೆ.”

ಚಾಪೆಯ ಮೇಲೆ ಕುಳಿತು ಎಕ್ಸ್‌ಪೈರಿ ಓದಿ ಎರಡು ಗುಂಪು ಮಾಡಿದೆ, ನೀಟಾಗಿ. ಆ ಮನೆಯಲ್ಲಿ ನನ್ನ ಓದು ಯಾರಿಗಾದರೂ ಬೇಕಾದದ್ದು ಅದೇ ಮೊದಲು. ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಅವಳು ಅಂಗಳದಲ್ಲಿ ನಿಂತು ಸೆರಗು ಒಡ್ಡಿದಳು. ಅತ್ತೆ ಕಟ್ಟೆಯ ಮೇಲಿಂದಲೇ ಒಂದೊಂದಾಗಿ ಹಾಕಿದರು, ಕೈಗೆ ಕೈ ತಾಗದಂತೆ.

“ಈ ಗುಳಿಗಿ ಯಾತಕ್ಕರಿ ಅವ್ವಾರ?”

“ಶಕ್ತಿಗೆ. ಮುಂಜಾನೆ ಎದ್ದ ಕೂಡ್ಲೆ ಎರಡು ನುಂಗು. ಗೌಡ್ರು ಇವನ್ನ ನುಂಗೇ ಇಷ್ಟು ದಿನ ಇದ್ರು.”

“ಹಂಗಾರ ನಿಮ್ಮನ್ನೂ ಕಳಿಸೇ ನಾ ಹೋಗ್ತೀನಿ ಬಿಡ್ರಿ,” ಎಂದು ಅವಳು ನಕ್ಕಳು.

“ನಡಿ ಲೇ, ಬಾಯಿ ಬಾಳ ಆತು.”

ಅವಳು ಹೋದ ಮೇಲೆ ನಾನು ಮೆಲ್ಲಗೆ, “ಅತ್ತೀ, ಅದು ಸಕ್ಕರಿ ಬ್ಯಾನಿ ಗುಳಿಗಿ ಅಲ್ಲರಿ?” ಎಂದೆ.

“ಡೇಟ್ ಮುಗದದ್ದು ಇನ್ನೇನ್ ಮಾಡತೈತಿ? ಓದಿದಾಕಿ, ನೀನಽ ಹೇಳು.”

“ಏನೂ ಮಾಡಂಗಿಲ್ರಿ.”

ಡೇಟ್ ಮುಗಿದ ಗುಳಿಗೆ ಎಂದರೆ ಬರೀ ಸೀಮೆಸುಣ್ಣ. ಇಷ್ಟೇ ನನ್ನ ಸೈನ್ಸ್.

ಆಗ ಹತ್ತಿ ಬಿಡಿಸುವ ಕಾಲ. ಅವಳು ಬೆಳಿಗ್ಗೆ ನಮ್ಮ ಸಗಣಿ ಬಳಿದು, ಅಲ್ಲಿಂದಲೇ ಹೊಲಕ್ಕೆ ಹೋಗಿ, ಮಧ್ಯಾಹ್ನವೇ ರೊಟ್ಟಿಯ ಮುಖ ಕಾಣುವವಳು. ಆ ಬರಿಹೊಟ್ಟೆಗೆ ಎರಡು ಗುಳಿಗೆ. ಮೂರನೆಯ ದಿನ ಬುಟ್ಟಿ ಹೊತ್ತು ಅಂಗಳ ದಾಟುವಾಗ ತೂರಾಡಿದಳು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು.

“ನೋಡಿದೇನ, ಮುಂಜಾನಿ ಮುಂಜಾನೇನಽ ಕುಡದು ಬಂದಾಳ,” ಎಂದರು ಅತ್ತೆ.

ಹೊಲಕ್ಕೆ ಹೊರಟಿದ್ದ ಹೆಣ್ಣಾಳುಗಳು ನಿಂತು ನೋಡಿದರು. “ಗೌಡ್ರ ಗಾದಿ ಸಿಕ್ಕೈತ್ರಿ, ನಿದ್ದಿ ಬಿಟ್ಟಿಲ್ಲ ಅಕಿಗೆ,” ಎಂದಳೊಬ್ಬಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಬುಟ್ಟಿಯೊಂದಿಗೆ ಬಿದ್ದಾಗಲೂ ನಗು ಪೂರ್ತಿ ನಿಂತಿರಲಿಲ್ಲ.

ಅವಳ ಗಂಡ ಚಕ್ಕಡಿ ಹೂಡಿಕೊಂಡು ಬಂದ. ಅವಳನ್ನು ಮಲಗಿಸಿ, ನಮ್ಮ ಬಾಗಿಲ ಮುಂದೆ ಬಂದು ನಿಂತ.

“ಸಣ್ಣವ್ವಾರ, ಏನ್ ನುಂಗ್ಯಾಳಂತ ನವಲಗುಂದದಾಗ ಡಾಕ್ಟರ್ ಕೇಳ್ತಾರರಿ. ಅಕಿ ಗುಳಿಗಿ ಎಲ್ಲಿಟ್ಟಾಳೋ ಸಿಗವಲ್ವು. ಒಂದು ಚೀಟಿ ಮ್ಯಾಲೆ ಹೆಸರು ಬರದು ಕೊಡ್ರಿ.”

ಕಾನ್ವೆಂಟಿನಲ್ಲಿ ನನ್ನ ಹ್ಯಾಂಡ್‌ರೈಟಿಂಗಿಗೆ ಪ್ರೈಜ್ ಬಂದಿತ್ತು. ಪೆನ್ನು ಗೋಡೆಯ ಗೂಡಿನಲ್ಲೇ ಇತ್ತು, ಅದರ ಬಾಜು ಅತ್ತೆಯ ಗುಳಿಗೆ, ಅದರ ಬಾಜು ಬೆಲ್ಲದ ಡಬ್ಬಿ.

“ಯಾವ ಗುಳಿಗೀಲೇ?” ಎಂದರು ಅತ್ತೆ. “ಹಾಸಿಗಿ ಕೊಟ್ಟೀವಿ, ಕಂಬಳಿ ಕೊಟ್ಟೀವಿ. ಗುಳಿಗಿ ಯಾರು ಕೊಟ್ಟಾರ?” ನನ್ನತ್ತ ತಿರುಗಿದರು. “ನೀ ಏನರ ಕೊಟ್ಟೀಯೇನ?”

ಅವನು ನನ್ನ ಬಾಯನ್ನೇ ನೋಡುತ್ತಿದ್ದ.

“ಇಲ್ರಿ,” ಎಂದೆ.

ಅವಳು ದಾರಿಯಲ್ಲೇ ತೀರಿಹೋದಳು. ಮೂರು ವರ್ಷದ ನಂತರ ಅತ್ತೆಗೂ ಅದೇ ನಡುಕ, ಅದೇ ಬೆವರು ಬಂತು. ಕುಡಿದಿದ್ದಾರೆ ಎಂದು ಯಾರೂ ಹೇಳಲಿಲ್ಲ. ಸಕ್ಕರೆ ತೀರಾ ಇಳಿದಿದೆ, ಬಾಯಿಗೆ ಸಿಹಿ ಹಾಕಿರಿ ಎಂದರು ಮನೆಗೆ ಬಂದ ಡಾಕ್ಟರು. ನಾನೇ ಓಡಿಹೋಗಿ ಬೆಲ್ಲ ತಂದು ಹಾಕಿದೆ. ಸ್ವಲ್ಪ ಹೊತ್ತಿಗೆ ಎದ್ದು ಕುಳಿತು, “ಚಾ ಮಾಡು,” ಎಂದರು. ಮಾಡಿಕೊಟ್ಟೆ.

ನಾನು ಅವಳನ್ನು ಕಡೆಯ ಸಲ ನೋಡಿದ್ದು ಆ ಚಕ್ಕಡಿಯಲ್ಲಿ. ಕಣ್ಣು ತೆರೆದೇ ಇದ್ದವು, ಯಾರನ್ನೂ ನೋಡುತ್ತಿರಲಿಲ್ಲ. ತಲೆಯ ಕೆಳಗೆ ಮಾವನವರ ದಿಂಬು. ಮದುವೆಗೆ ಮುಂಚೆ ಆ ಕವರಿನ ಮೇಲೆ ನಾನು ಗುಲಾಬಿ ದಾರದಲ್ಲಿ ಇಂಗ್ಲಿಷಿನಲ್ಲಿ ಕಸೂತಿ ಹಾಕಿದ್ದೆ, ಕಾನ್ವೆಂಟಿನ ಹುಡುಗಿಯರೆಲ್ಲ ಹಾಕುತ್ತಿದ್ದ ಹಾಗೆ: ಗುಡ್ ನೈಟ್. ಚಕ್ಕಡಿ ಊರ ಅಗಸಿ ಬಾಗಿಲು ದಾಟುವವರೆಗೂ ಆ ಅಕ್ಷರಗಳು ಅವಳ ಕಿವಿಯ ಪಕ್ಕದಲ್ಲಿ ಕಾಣುತ್ತಿದ್ದವು.