ಚಿಮ್ಮನಚೋಡದಲ್ಲಿ ಬಣವೆ ಹೊತ್ತಿದ ದಿನ

ಬೆಳಿಗ್ಗೆ ಶಹಾಬಾದಿನಿಂದ ಹೊರಟಾಗ ಇನ್ನೂ ತಂಪಿತ್ತು. ವಾಡಿ ಜಂಕ್ಷನ್ನಿನಲ್ಲಿ ಇಳಿಯುವಷ್ಟರಲ್ಲಿ ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಕೂರಲಾಗದಷ್ಟು ಕಾದಿತ್ತು. ಅಲ್ಲಿ ರೈಲು ಬದಲಿಸಿ ಸೇಡಂ, ಸೇಡಂನಿಂದ ಬಸ್ಸಿನಲ್ಲಿ ಚಿಂಚೋಳಿ, ಮುಂದೆ ಇನ್ನೊಂದು ಬಸ್ಸಿನಲ್ಲಿ ಚಿಮ್ಮನಚೋಡ. ನನ್ನ ಗೆಳತಿ ಶಹನಾಜ್ ಇರುವುದು ಅಲ್ಲಿ. ಶಹಾಬಾದಿನಲ್ಲಿ ಅವರದೂ ನಮ್ಮದೂ ಒಂದೇ ಗೋಡೆಯ ಮನೆಗಳಾಗಿದ್ದವು. ಅವಳ ಗಂಡ ಮಹಬೂಬ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕೆಲಸ ಬಿಟ್ಟು, ತಾಯಿಯ ಹೊಲ ನೋಡಿಕೊಳ್ಳಲು ಊರಿಗೆ ಹೋದ ಮೇಲೆ ಫೋನಿನಲ್ಲಿ ಅವಳದು ಒಂದೇ ಹಾಡು: "ಸುಶೀಲಕ್ಕಾ, ಯಾವಾಗ ಬರ್ತೀರಿ?"

ರೈಲಿನಲ್ಲಿ ಆದಿತ್ಯನಗರದ ಹೆಂಗಸೊಬ್ಬರು ಡಬ್ಬಿ ಬಿಚ್ಚಿ ಮಂಡಕ್ಕಿ ಒಗ್ಗರಣೆಯ ಸುಸಲಾ ಮುಂದೆ ಹಿಡಿದರು. ನಾನು ಬೇಡವೆಂದರೆ, "ಒಬ್ಬಾಕಿನೇ ತಿಂದ್ರ ನನಗ ಹೊಟ್ಟಿಗಿ ಹತ್ತಂಗಿಲ್ರಿ" ಎಂದರು. ಚಿತ್ತಾಪುರ ದಾಟಿದ ಮೇಲೆ ತೊಗರಿ ಕೊಯ್ದ ಕಪ್ಪು ಹೊಲಗಳು, ನಡುನಡುವೆ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ, ಚಹಾ ಮುಗಿಸಿದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಆದರೆ ಸೀಟೂ ಇರಲಿಲ್ಲ. ಚಿಂಚೋಳಿಯವರೆಗೆ ಅರ್ಧ ದಾರಿ ನಿಂತೇ ಹೋದೆ.

ಚಿಮ್ಮನಚೋಡದಲ್ಲಿ ಇಳಿದಾಗ ಮಧ್ಯಾಹ್ನ ಇಳಿದಿತ್ತು. ಶಹನಾಜಳ ಅತ್ತೆ ಖಾಸಿಂಬಿ ಅಂಗಳದಲ್ಲೇ ಕಾದಿದ್ದರು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಊಟವಾದ ಮೇಲೆ ಮನೆಯ ಹಿಂದೆ ಕರೆದೊಯ್ದು ಬೇವಿನ ಮರದ ಕೆಳಗಿನ ಜೋಡಿ ಎತ್ತು ತೋರಿಸಿದರು. ಅದರಾಚೆ ಜೋಳದ ಕಣಿಕೆಯ ದೊಡ್ಡ ಬಣವೆ, ಎತ್ತುಗಳಿಗೆ ಮಳೆಗಾಲದವರೆಗಿನ ಮೇವು. ಬಣವೆಯ ಪಕ್ಕದಿಂದ ಓಣಿಯ ಮನೆಗಳ ಹಿಂಬದಿಯವರೆಗೂ ನೆರೆಮನೆಯ ನಿಂಗಪ್ಪನ ಕಡಲೆ ಹೊಲ. ಕಡಲೆ ಒಣಗಿ ಕೀಳಲು ಬಂದಿತ್ತು.

ಮರುದಿನ ಮಹಬೂಬ ತೊಗರಿ ಮಾರಲು ಸೇಡಂಗೆ ಹೋಗಿದ್ದ. ಊಟ ಮುಗಿಸಿ ನಾವು ಮೂವರೂ ಅಡ್ಡಾಗಿದ್ದೆವು. ಗಾಳಿ ಜೋರಾಗಿ ಬೀಸಿತು, ಬಣವೆಯ ಮೇಲೆ ಹಾದುಹೋಗಿದ್ದ ವಿದ್ಯುತ್ ತಂತಿಗಳು ಒಂದಕ್ಕೊಂದು ತಾಗಿ ಚಟಚಟ ಎಂದವು. ಫ್ಯಾನ್ ನಿಂತಿತು. ಎತ್ತೊಂದು ವಿಚಿತ್ರವಾಗಿ ಕೂಗಿತು. ಎದ್ದು ಹೋಗಿ ನೋಡಿದರೆ ಬಣವೆಯ ನೆತ್ತಿಗೆ ಬೆಂಕಿ.

ಖಾಸಿಂಬಿ ನಮಗಿಂತ ಮೊದಲು ಎತ್ತುಗಳ ಹತ್ತಿರ ಇದ್ದರು. ಒಂದು ಹಗ್ಗ ಬಿಚ್ಚಿತು. ಇನ್ನೊಂದು ಎತ್ತು ಹೆದರಿ ಜಗ್ಗಿ ಜಗ್ಗಿ ಗಂಟು ಬಿಗಿಯಾಗಿತ್ತು. "ಕುಡಗೋಲು ತರ್ರಿ! ಹಗ್ಗ ಕೊಯ್ರಿ!" ಎಂದು ಶಹನಾಜ್ ಚೀರಿದಳು. ಸೂರಿಗೆ ಸಿಕ್ಕಿಸಿದ್ದ ಕುಡಗೋಲು ಎಳೆದುಕೊಂಡು ಓಡಿದೆ. ಕಿಡಿಗಳು ಸೀರೆಯ ಮೇಲೆ ಬೀಳುತ್ತಿದ್ದವು, ಹಗ್ಗ ಎಳೆಎಳೆಯಾಗಿ ಮಾತ್ರ ಹರಿಯುತ್ತಿತ್ತು. ಕೊನೆಗೆ ಅದು ತುಂಡಾದಾಗ ಎತ್ತು ನನ್ನನ್ನು ಕೆಡವಿ ಓಡಿತು. ಖಾಸಿಂಬಿ ರಟ್ಟೆ ಹಿಡಿದು ನನ್ನನ್ನು ಎಬ್ಬಿಸಿದರು.

ಕರೆಂಟ್ ಇಲ್ಲ, ಬೋರಿನ ನೀರಿಲ್ಲ. ಓಣಿಯ ಹೆಂಗಸರು ಮನೆಯೊಳಗಿನ ಕುಡಿಯುವ ನೀರಿನ ಕೊಡಗಳನ್ನೇ ಹೊತ್ತು ತಂದು ಸುರಿದರು. ಅಷ್ಟರಲ್ಲಿ ಬೆಂಕಿ ಕಡಲೆ ಹೊಲಕ್ಕೆ ಇಳಿದು ಮನೆಗಳ ಕಡೆ ತಿರುಗಿತು. ಮಕ್ಕಳನ್ನು, ಮುದುಕರನ್ನು ಹೊರಗೆ ತರುವ ಕೂಗಾಟ ಎದ್ದಿತು. ಆಗ ನಿಂಗಪ್ಪ ಟ್ರ್ಯಾಕ್ಟರ್ ತಂದ. ಬೆಂಕಿಗೂ ಮನೆಗಳಿಗೂ ನಡುವೆ ತನ್ನದೇ ಬೆಳೆಯ ಮೇಲೆ ನೇಗಿಲು ಇಳಿಸಿ, ಹೋದ, ಬಂದ, ಮತ್ತೆ ಹೋದ. ಹೊಗೆಯಲ್ಲಿ ಅವನ ತಲೆಯ ರುಮಾಲು ಮಾತ್ರ ಕಾಣುತ್ತಿತ್ತು. ಬೆಂಕಿ ಆ ಹಸಿ ಮಣ್ಣಿನ ಪಟ್ಟಿಯವರೆಗೆ ಬಂದು, ಸುಡಲು ಏನೂ ಸಿಗದೆ ನಿಂತಿತು.

ಚಿಂಚೋಳಿಯಿಂದ ಅಗ್ನಿಶಾಮಕದವರು ಬಂದು ಬೂದಿಯನ್ನು ಪೂರ್ತಿ ತೋಯಿಸಿ ಹೋದರು. ಖಾಸಿಂಬಿ ನಿಂಗಪ್ಪನ ಕೈ ಹಿಡಿದುಕೊಂಡರು. "ಕೈಗಿ ಬಂದ ಕಡ್ಲಿ ಹಾಳ ಮಾಡ್ಕೊಂಡೆಲ್ಲೋ ತಮ್ಮಾ."

"ಕೀಳಾಕ ಆಳ ಸಿಗವಲ್ವು ಅಂತ ಕುಂತಿದ್ದೆ ಬೇ. ಟ್ರ್ಯಾಕ್ಟರೇ ಕಿತ್ತದ, ಬಿಡ್ರಿ" ಎಂದು ನಿಂಗಪ್ಪ ನಕ್ಕ. ಅವನ ಹುಬ್ಬು ಸುಟ್ಟಿತ್ತು.

ಸಂಜೆ ಬಂದ ಮಹಬೂಬ ಸುಟ್ಟ ಜಾಗದ ಮುಂದೆ ಕುಳಿತ. ಮೇವಿಲ್ಲದೆ ಎತ್ತು ಮಾರಬೇಕಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಮೂರನೆಯ ದಿನ ನನ್ನನ್ನು ಎಬ್ಬಿಸಿದ್ದು ಅಂಗಳದಲ್ಲಿ ಏನೋ ಬಿದ್ದ ಸದ್ದು. ಯಾರೋ ಒಂದು ಹೊರೆ ಕಣಿಕೆ ಹಾಕಿ ಹೋಗುತ್ತಿದ್ದರು. ಹಿಂದೆಯೇ ಇನ್ನೊಬ್ಬರು. ಒಬ್ಬ ಮುದುಕಿ ತಲೆಯ ಮೇಲೆ ಸಣ್ಣ ಕಟ್ಟಿನ ಎರಡೇ ಸಿವುಡು ಕಣಿಕೆ ಹೊತ್ತು ತಂದಳು. "ನಮ್ಮ ಆಡಿಗಿ ಮೇಯಾಕ ಇಟ್ಕೊಂಡು ಉಳಿದದ್ದು ತಂದೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದಳು. ಬೆಂಕಿಯ ಮುಂದೆ ಅಳದಿದ್ದ ಖಾಸಿಂಬಿ ಆ ಎರಡು ಸಿವುಡು ನೋಡಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಕಣ್ಣೊರೆಸಿ, "ನಡೀರಿ" ಎಂದು ನಮ್ಮನ್ನು ನಿಂಗಪ್ಪನ ಹೊಲಕ್ಕೆ ಕರೆದೊಯ್ದರು. ಓಣಿಯ ಹೆಂಗಸರೆಲ್ಲ ಅಲ್ಲಿ ಮೊದಲೇ ಸೇರಿದ್ದರು. ಉತ್ತ ಮಣ್ಣಿನಿಂದ ಕಡಲೆ ಗಿಡಗಳನ್ನು ಎಳೆದೆಳೆದು ರಾಶಿ ಹಾಕಿದೆವು. ನಿಂಗಪ್ಪ ಬೇಡ ಬೇಡವೆಂದು ಸುತ್ತ ತಿರುಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಕ್ಕಿದ್ದು ಅರ್ಧ ಬೆಳೆ ಇರಬಹುದು.

ಮಧ್ಯಾಹ್ನ ಶಹನಾಜ್ ನನ್ನನ್ನು ಬಸ್ಸಿಗೆ ಕಳಿಸಲು ಬಂದಳು. "ಮಾತಾಡಾಕ ಪುರ್‌ಸತ್ತೇ ಆಗಲಿಲ್ಲ ನೋಡ್ರಿ ಅಕ್ಕಾ" ಎಂದು ಬೇಸರಪಟ್ಟಳು. ಮತ್ತೆ ಬರುತ್ತೇನೆಂದು ಮಾತು ಕೊಟ್ಟೆ. ದೂರದಲ್ಲಿ ಬಸ್ಸು ಕಾಣಿಸಿದಾಗಲೇ ಮೇವು ತುಂಬಿದ ಎತ್ತಿನ ಗಾಡಿಯೊಂದು ನಮ್ಮ ಪಕ್ಕ ನಿಂತಿತು. ಹೊಡೆಯುತ್ತಿದ್ದವನ ಗುರುತು ಶಹನಾಜಳಿಗೂ ಇರಲಿಲ್ಲ, ಆಚೆ ಊರಿನವನಿರಬೇಕು.

"ಯವ್ವಾ, ಬಣವಿ ಸುಟ್ಟದಂತಲ್ಲ, ಅವ್ರ ಮನಿ ಯಾವುದ್ರಿ?" ಎಂದು ಕೇಳಿದ.

ಶಹನಾಜ್ ನನ್ನ ತೋಳು ಹಿಡಿದುಕೊಂಡಳು. ನಾನೇ ಕೈ ಎತ್ತಿ ದಾರಿ ತೋರಿಸಿದೆ.