ಲ್ಯಾಬಕ್ಕನ ಮೊದಲ ಪಾಠ

ಬೆಳಗಿನ ಆರು ಗಂಟೆ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ನಲವತ್ತೆರಡು ಪರದೆಗಳನ್ನೂ ಒರೆಸಿ ಮುಗಿಸಿದ ಅಟೆಂಡರಮ್ಮ, ಒದ್ದೆ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ ಬೋರ್ಡಿನ ಮುಂದೆ ನಿಲ್ಲುತ್ತಾರೆ. ಎದುರಿಗೆ ಪರೀಕ್ಷೆಯಲ್ಲಿ ಫೇಲಾದ ಆರು ಹುಡುಗಿಯರು. ಅವರ ಪಾಲಿಗೆ ಇವರು ಲ್ಯಾಬಕ್ಕ.

"ಯಂತ್ರಕ್ಕೆ ಗೊತ್ತಿರೋದು ಸೊನ್ನೆ, ಒಂದು, ಅಷ್ಟೇ. ಅದರಲ್ಲೇ ಬರೆಯೋಕೆ ಹೋದ್ರೆ ನಮ್ಮ ತಲೆ ಕೆಟ್ಟು ಕೆರ ಹಿಡಿಯುತ್ತೆ. ಅದಕ್ಕೇ ಹೈ ಲೆವೆಲ್ ಭಾಷೆ ಮಾಡ್ಕೊಂಡ್ರು."

"ಹೈ ಲೆವೆಲ್ ಅಂದ್ರೆ ಕಷ್ಟದ್ದು ಅನ್ಕೊಂಡಿದ್ದೆ ಅಕ್ಕಾ."

"ಎಲ್ರೂ ಎಡವೋದು ಅಲ್ಲೇ. ಯಂತ್ರಕ್ಕೆ ದೂರ, ನಮ್ಮ ಮಾತಿಗೆ ಹತ್ತಿರ, ಅಷ್ಟೇ ಕಣಮ್ಮ."

ಆ ಭಾಷೆಗಳ ಬಗೆಗಳನ್ನು ಹೇಳಲು ಅವರು ಬಕೆಟ್ಟನ್ನೇ ತೋರಿಸುತ್ತಾರೆ. "ನೀರು ತುಂಬು, ಬಟ್ಟೆ ಹಿಂಡು, ನೆಲ ಒರೆಸು ಅಂತ ಹೆಜ್ಜೆಹೆಜ್ಜೆಗೂ ಹೇಳೋದು ಒಂದು ಬಗೆ, ಸಿ ಥರ. ಬಕೆಟ್ಟನ್ನೂ ಅದು ಮಾಡೋ ಕೆಲಸವನ್ನೂ ಒಂದೇ ಗಂಟು ಕಟ್ಟೋದು ಇನ್ನೊಂದು, ಜಾವಾ ಥರ. ನೆಲ ಚೊಕ್ಕ ಇರ್ಬೇಕು ಅಂದು, ಹೇಗೆ ಅಂತ ಹೇಳದೇ ಇರೋದು ಮತ್ತೊಂದು, ಎಸ್‌ಕ್ಯೂಎಲ್ ಥರ. ನಮ್ಮ ಪ್ರಿನ್ಸಿಪಾಲರದ್ದು ಆ ಬಗೆ." ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ.

ಲ್ಯಾಬಕ್ಕ ಓದಿದ್ದು ಏಳನೇ ಕ್ಲಾಸು. ಮಿಕ್ಕಿದ್ದೆಲ್ಲ ಇಪ್ಪತ್ತೆರಡು ವರ್ಷಗಳಿಂದ, ಕ್ಲಾಸು ನಡೆಯುವಾಗ ಹಿಂದಿನ ಸಾಲಿನ ಧೂಳು ಹೊಡೆಯುತ್ತ ಕೇಳಿಸಿಕೊಂಡದ್ದು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಎರಡು ಬಗೆಯ ತಂತ್ರಾಂಶಗಳ ಹೆಸರು ಹಿಡಿದು ಮನೆಯಲ್ಲಿ ಮಗಳು ರೇಗಿಸುತ್ತಾಳಂತೆ: "ಅಮ್ಮ, ನೀನು ಕಂಪೈಲರೇ. ಪೂರ್ತಿ ಕೇಳಿ, ಕೊನೆಗೆ ತಪ್ಪುಗಳನ್ನೆಲ್ಲ ಒಟ್ಟಿಗೆ ಮುಖಕ್ಕೆ ಹಿಡೀತೀಯ. ಅಪ್ಪ ಇಂಟರ್‌ಪ್ರಿಟರ್, ಸಾಲುಸಾಲಿಗೂ ಬೈತಾರೆ."

ಲ್ಯಾಬ್ ಬೋಧಕರ ಹುದ್ದೆಗೆ ಅವರು ನಾಲ್ಕು ಸಲ ಅರ್ಜಿ ಹಾಕಿದ್ದಾರೆ. ಸಂದರ್ಶನಕ್ಕೆ ಕರೆ ಬಂದದ್ದು ಕಳೆದ ತಿಂಗಳು, ಮೊದಲ ಬಾರಿಗೆ. ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಇವರನ್ನು ಕಂಡ ಗುಮಾಸ್ತ, "ಒಳಗೆ ನಾಲ್ಕು ಟೀ ಕೊಟ್ಬನ್ನಿ" ಎಂದ. ಕೊಟ್ಟರು. ತಮ್ಮ ಹೆಸರು ಕೂಗಿದಾಗ ಅದೇ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕುಳಿತರು. ಆಯ್ಕೆ ಸಮಿತಿಯ ನಾಲ್ವರೂ ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬಾಕೆ ಇದೇ ಬೋರ್ಡಿನೆದುರು ಲ್ಯಾಬಕ್ಕನಿಂದಲೇ ಕಲಿತು ಪಾಸಾದವರು. ಆಕೆ ಆಮೇಲೆ ಫೈಲಿನಿಂದ ತಲೆ ಎತ್ತಲೇ ಇಲ್ಲ.

"ಪಾಠದ ಬಗ್ಗೆ ಒಂದು ಪ್ರಶ್ನೆ ಕೇಳ್ಲಿಲ್ಲ. ಡಿಗ್ರಿ ಎಲ್ಲಿ ಅಂದ್ರು. ಇಲ್ಲ ಅಂದೆ. ಹೋಗೋವಾಗ ಹಾಗೇ ಲೋಟ ಎತ್ಕೊಂಡು ಹೋಗಿ ಅಂದ್ರು."

ಹುದ್ದೆ ಡಿಗ್ರಿ ಇದ್ದವರೊಬ್ಬರಿಗೆ ಆಯಿತು. ಹೊಸ ಬೋಧಕರಿಗೆ ಲ್ಯಾಬಿನ ಕೆಲಸ ತೋರಿಸಿಕೊಡಬೇಕೆಂದು ಲ್ಯಾಬಕ್ಕನಿಗೆ ಆದೇಶ ಬಂತು. ಕಂಪೈಲರಿಗೂ ಇಂಟರ್‌ಪ್ರಿಟರಿಗೂ ಏನು ವ್ಯತ್ಯಾಸವೆಂದು ಆ ಬೋಧಕರಿಗೆ ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ. ಹುಡುಗಿಯರು ಎದ್ದು ಹೋದಮೇಲೆ ದಿನಾ ಅರ್ಧ ಗಂಟೆ ಅವರು ಕುಳಿತು ಬರೆದುಕೊಳ್ಳುತ್ತಾರೆ, ಇವರು ನಿಂತು ಹೇಳಿಕೊಡುತ್ತಾರೆ.

ಹೊಟ್ಟೆ ಉರಿಯುವುದಿಲ್ಲವೇ ಎಂದು ಕೇಳಿದರೆ ಲ್ಯಾಬಕ್ಕ ಮುಚ್ಚಿಡುವುದಿಲ್ಲ.

"ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಮನುಷ್ಯ ಅರ್ಧಂಬರ್ಧ ಕಲಿತ್ರೆ ಅದನ್ನೇ ಮಕ್ಕಳ ತಲೆಗೆ ತುಂಬ್ತಾರಲ್ಲ. ಹತ್ತು ಗಂಟೆ ಕ್ಲಾಸಿನ ಹೊತ್ತಿಗೆ ಬಾಗಿಲ ಆಚೆ ನಿಂತು ಕೇಳಿಸ್ಕೋತೀನಿ." ಬಕೆಟ್ಟನ್ನು ಎತ್ತಿಕೊಳ್ಳುತ್ತ ಅವರು ದನಿ ತಗ್ಗಿಸುತ್ತಾರೆ. "ನಿನ್ನೆ ಒಂದೂ ತಪ್ಪಿಲ್ಲದೆ ಹೇಳಿದ್ರು."